ಸಹಾಯ ಬೇಕು: ಫ್ಲಶ್ ಮಾಡಿದ್ರೆ ನಹಾನಿ ಟ್ರ್ಯಾಪ್ (ಬಚ್ಚಲ ನೆಲದ ನೀರು ಹೋಗೋ ಟ್ರ್ಯಾಪ್) ಗುಳುಗುಳು ಅನ್ನತ್ತೆ

ಪುಣೆ, ಕೊಥ್ರೂಡ್. 3ನೇ ಮಹಡಿ ಫ್ಲ್ಯಾಟ್, ಮೇಲೆ ಇನ್ನೂ ನಾಲ್ಕು ಮಹಡಿ. ಬಾತ್‌ರೂಮಿನ ಸಂಕನ್ ಸ್ಲ್ಯಾಬ್ (ಪೈಪಿಗೆ ಅಂತ ತಗ್ಗಿಸಿದ ನೆಲ) 300 ಮಿ.ಮೀ., ಟೈಲ್ಸ್ ಹಾಕಿಲ್ಲ, ಪೈಪೆಲ್ಲ ಬಯಲಲ್ಲೇ ಇದೆ. ಕಮೋಡಿನ 110 ಮಿ.ಮೀ. ಪೈಪು 2.4 ಮೀಟರ್ ಅಡ್ಡ ಹೋಗಿ ಡಕ್ಟಿನ ಸ್ಟ್ಯಾಕ್ (ಎಲ್ಲ ಮಹಡಿಗಳ ನೀರು ಇಳಿಯೋ ನೆಟ್ಟನೆ ಪೈಪು) ಸೇರತ್ತೆ. ನಹಾನಿಯ 75ರ ಪೈಪನ್ನ ಮಧ್ಯದಲ್ಲೇ ವೈ (Y ಆಕಾರದ ಜೋಡಣೆ) ಹಾಕಿ ಅದಕ್ಕೆ ಕೂಡಿಸಿದ್ದಾರೆ. ವೆಂಟ್ (ಗಾಳಿ ಆಡೋ ಪೈಪು) ಎಲ್ಲೂ ಇಲ್ಲ. ಎರಡು ಮೂರು ಫ್ಲಶ್‌ಗೆ 50 ಮಿ.ಮೀ. ವಾಟರ್ ಸೀಲ್ (ಟ್ರ್ಯಾಪಲ್ಲಿ ನಿಂತು ನಾತ ತಡೆಯೋ ನೀರು) 15ಕ್ಕೆ ಇಳಿಯತ್ತೆ, ಆಮೇಲೆ ಗಬ್ಬು ನಾತ.

ಇಳಿಜಾರು ಅಳೆದಾಯ್ತು: 60 ಮಿ.ಮೀ., ಅಂದ್ರೆ 1:40, ಸರಿ ಇದೆ. ಲೈನಲ್ಲಿ ಕಸ ಇಲ್ಲ. ಟ್ರ್ಯಾಪೂ ಹೊಸದು. ಪ್ಲಂಬರ್ ಇನ್ನೂ ಆಳದ ಟ್ರ್ಯಾಪ್ ಹಾಕೋಣ ಅಂತಾನೆ. ಅದು ಕೆಮ್ಮಿಗೆ ಮದ್ದು, ರೋಗಕ್ಕಲ್ಲ.

75ರ ಪೈಪಿನ ನೆತ್ತಿಯಿಂದ 50 ಮಿ.ಮೀ. ವೆಂಟ್ ಎತ್ತಿ, ಬೇಸಿನ್ ಅಂಚಿಗಿಂತ 150 ಮಿ.ಮೀ. ಮೇಲಕ್ಕೆ ತರಬಹುದು. ಅಲ್ಲಿಂದ ಎಲ್ಲಿಗೆ? ತಾರಸಿವರೆಗೆ ಹೊಸ ಪೈಪು ಏರಿಸೋಕೆ ಸೊಸೈಟಿ ಬಿಡ್ತಿಲ್ಲ. ಅದೇ ಸ್ಟ್ಯಾಕಿಗೆ ತಿರುಗಿ ಕೊಟ್ರೆ ಮೇಲಿನ ಮನೆಗಳ ನೀರು ವೆಂಟಿಗೇ ನುಗ್ಗೋ ಭಯ. ಏರ್ ಅಡ್ಮಿಟೆನ್ಸ್ ವಾಲ್ವ್ ಹಾಕಿದ್ರೆ ಗಾಳಿ ಒಳಗೆ ಬರತ್ತೆ, ಆದ್ರೆ ಕೆಳಗಿಂದ ಒತ್ತಡ ಬಂದ್ರೆ ಹೊರಗೆ ಬಿಡಲ್ಲ.

ಇವೆರಡರಲ್ಲಿ ಯಾವುದು? ಅಥವಾ 75ರ ಪೈಪನ್ನ ಕಮೋಡ್ ಲೈನಿಂದ ಬಿಡಿಸಿ ಬೇರೆಯಾಗಿ ಸ್ಟ್ಯಾಕಿಗೆ ಕೊಟ್ರೆ ವೆಂಟ್ ಇಲ್ದೇನೂ ಸೀಲ್ ನಿಲ್ಲತ್ತಾ?