ಸಾಸಿವೆಯ ಬೇರು ಕಿಟಕಿಗೆ ಬೆನ್ನು ಹಾಕುವುದೇಕೆ?

ಪ್ರಶ್ನೆ (ಮೊಳಕೆ):
ಗಾಜಿನ ಲೋಟದ ಬಾಯಿಗೆ ತೆಳುಬಟ್ಟೆ ಬಿಗಿದು, ನೀರು ತಾಗುವಂತೆ ಮಾಡಿ, ಮೇಲೆ ಏಳೆಂಟು ಸಾಸಿವೆ ಕಾಳು ಹಾಕಿ ಕಿಟಕಿಯ ಬಳಿ ಇಟ್ಟಿದ್ದೆ. ಐದನೆಯ ದಿನಕ್ಕೆ ಕಾಂಡಗಳೆಲ್ಲ ಕಿಟಕಿಯತ್ತ ವಾಲಿದವು, ಅದು ಗೊತ್ತಿದ್ದದ್ದೇ. ಆದರೆ ನೀರಿನೊಳಗೆ ನೂಲಿನಂಥ ಬಿಳಿ ಬೇರುಗಳು ಕೋಣೆಯ ಒಳಬದಿಗೆ ಓರೆಯಾಗಿದ್ದವು! ಲೋಟವನ್ನು ಅರ್ಧ ಸುತ್ತು ತಿರುಗಿಸಿದೆ. ಎರಡು ದಿನದಲ್ಲಿ ತುದಿಗಳು ಮತ್ತೆ ಕಿಟಕಿಗೆ ಬೆನ್ನು ಹಾಕಿದವು. ಹಳೆಯ ಬಾಗು ಹಾಗೆಯೇ ಉಳಿದು, ಪ್ರತಿ ಬೇರೂ ಈಗ ಹಾವಿನಂತೆ ಎರಡು ಕಡೆ ಬಳುಕಿದೆ. ಬೇರು ಗುರುತ್ವದಿಂದ ಕೆಳಗಿಳಿಯುತ್ತದೆ ಎಂದಷ್ಟೇ ಓದಿದ್ದೆ. ಬೆಳಕು ಯಾವ ಕಡೆಯಿದೆ ಎಂದು ಇದಕ್ಕೆ ತಿಳಿಯುವುದು ಹೇಗೆ?

ಉತ್ತರ (ಹಳೆಯ ಮೇಷ್ಟರು):
ಬಾಗು ಉಳಿದದ್ದನ್ನು ಗಮನಿಸಿದಿರಲ್ಲ, ಉತ್ತರ ಅಲ್ಲೇ ಇದೆ. ಬೆಳೆದು ಮುಗಿದ ಭಾಗ ಮತ್ತೆ ಬಾಗುವುದಿಲ್ಲ, ತುದಿಯ ಹಿಂದೆ ಕೋಶಗಳು ಇನ್ನೂ ಉದ್ದವಾಗುತ್ತಿರುವ ಜಾಗ ಮಾತ್ರ ಬಾಗುತ್ತದೆ. ಫೋಟೊಟ್ರೋಪಿನ್ ಎಂಬ ಪ್ರೋಟೀನು ನೀಲಿ ಬೆಳಕನ್ನು ಗುರುತಿಸುತ್ತದೆ. ಕಾಂಡದಲ್ಲಾದರೆ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನು ನೆರಳಿನ ಬದಿಗೆ ಸರಿದು ಆ ಬದಿ ಹೆಚ್ಚು ಬೆಳೆಯುತ್ತದೆ, ಕಾಂಡ ಬೆಳಕಿನತ್ತ ಬಾಗುತ್ತದೆ. ಬೇರಿನಲ್ಲಿ ಬೆಳಕು ಬಿದ್ದ ಬದಿಯೇ ಹೆಚ್ಚು ಬೆಳೆದು ತುದಿಯನ್ನು ಕತ್ತಲೆಯತ್ತ ತಳ್ಳುತ್ತದೆ. ಪಠ್ಯದಲ್ಲಿ ಋಣ ದ್ಯುತಿ ಅನುವರ್ತನೆ ಎನ್ನುವುದು ಇದನ್ನೇ.

ಉತ್ತರ (ಕಪಾಟು):
ಕಪಾಟಿನಲ್ಲಿ ಮರೆತ ಕಾಳು ಬಿಳಿಚಿಕೊಂಡು ಉದ್ದುದ್ದ ಬೆಳೆಯುವುದೂ ಇದೇ ತಾನೆ?

ಉತ್ತರ (ಹಳೆಯ ಮೇಷ್ಟರು):
ಅಲ್ಲ, ದಯವಿಟ್ಟು ಎರಡನ್ನೂ ಬೆರೆಸಬೇಡಿ. ಆ ಸಸಿ ಬೆಳಕಿಗಾಗಿ ಹುಡುಕುತ್ತಿದೆ. ಕಾಳಿನಲ್ಲಿದ್ದ ಆಹಾರವನ್ನೆಲ್ಲ ಉದ್ದಕ್ಕೇ ಸುರಿದು, ಎಲೆಯನ್ನೂ ಹಸಿರನ್ನೂ ಮುಂದಕ್ಕೆ ಹಾಕಿದೆ.

ಉತ್ತರ (ಗೋಡೆಬಳ್ಳಿ):
ಬೇರಷ್ಟೇ ಅಲ್ಲ, ಕುಡಿಯೂ ಕತ್ತಲೆಗೆ ಹೋಗುವುದುಂಟು. ಮಳೆಕಾಡಿನ ಒಂದು ಮಾನ್‌ಸ್ಟೆರಾ ಬಳ್ಳಿಯ ಎಳೆಯ ಸಸಿಗಳು ಸುತ್ತಲಲ್ಲಿ ಎಲ್ಲಕ್ಕಿಂತ ಕಪ್ಪಾಗಿ ಕಾಣುವ ದಿಕ್ಕಿಗೆ, ಅಂದರೆ ಮರದ ಬೊಡ್ಡೆಯ ಕಡೆಗೆ, ನೆಲದ ಮೇಲೆ ಹರಿಯುತ್ತವೆ ಎಂದು ಸ್ಟ್ರಾಂಗ್ ಮತ್ತು ರೇ ಎಂಬ ವಿಜ್ಞಾನಿಗಳು 1975ರಲ್ಲಿ ತೋರಿಸಿದರು. ಬೊಡ್ಡೆ ಸಿಕ್ಕಿತೋ, ಬಳ್ಳಿ ಬೆಳಕಿನತ್ತ ಮೇಲೇರತೊಡಗುತ್ತದೆ. ನನಗೆ ಇನ್ನೂ ಅಚ್ಚರಿ ತರುವುದು ಸಿಂಬಲೇರಿಯಾ. ಗೋಡೆಯ ಬಿರುಕುಗಳಲ್ಲಿ ಬೆಳೆಯುವ ಪುಟ್ಟ ಗಿಡ. ಹೂವಿರುವಾಗ ತೊಟ್ಟು ಬೆಳಕಿಗೆ ಮುಖ ಮಾಡುತ್ತದೆ. ಕಾಯಿ ಕಚ್ಚಿದ ಮೇಲೆ ಅದೇ ತೊಟ್ಟು ಹಿಂದಕ್ಕೆ ಬಾಗಿ, ಬೀಜವನ್ನು ಬಿರುಕಿನೊಳಗೆ ನೂಕುತ್ತದೆ.

ಪ್ರಶ್ನೆ ಕೇಳಿದವರು (ಮೊಳಕೆ):
ಮೇಷ್ಟರೇ, ಹೊಸ ಲೋಟಕ್ಕೆ ಬಟ್ಟೆಯ ಮಟ್ಟದವರೆಗೆ ಕಪ್ಪು ಕಾಗದ ಸುತ್ತಿಟ್ಟಿದ್ದೆ. ಇಂದು ಬಿಚ್ಚಿ ನೋಡಿದೆ. ಮೇಲೆ ಕಾಂಡಗಳು ಕಿಟಕಿಯತ್ತ ವಾಲಿವೆ, ಕೆಳಗೆ ಬೇರುಗಳು ತೂಗುಗುಂಡಿನ ದಾರದಂತೆ ನೇರವಾಗಿ ಇಳಿದಿವೆ.