ಸಹಾಯ ಬೇಕು: ಟಾಂಜಾನಿಯಾದ ಮಗುವಿನ ಹೃದಯದ ಆಪರೇಷನ್‌ಗೆ

ನಮಸ್ಕಾರ. ನಾನಿರುವುದು ದಾರ್ ಎಸ್ ಸಲಾಮ್‌ನಲ್ಲಿ. ನಮ್ಮ ಮನೆ ಕೆಲಸಕ್ಕೆ ಬರುವ ಅಕ್ಕನ ಮಗಳಿಗೆ 4 ವರ್ಷ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡ ತೂತಿದೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಂದು ಕೂತುಬಿಡುತ್ತಾಳೆ. ಶ್ವಾಸಕೋಶಕ್ಕೆ ರಕ್ತ ಜಾಸ್ತಿ ನುಗ್ಗಿ ಒತ್ತಡ ಏರುತ್ತಾ ಹೋದರೆ, ಆಮೇಲೆ ಆಪರೇಷನ್ನೇ ಮಾಡಲಾಗದ ಸ್ಥಿತಿ ಬರಬಹುದು. ಅದೇ ಭಯ.

ಇಸ್ರೇಲಿನ ‘ಸೇವ್ ಎ ಚೈಲ್ಡ್ಸ್ ಹಾರ್ಟ್’ ಸಂಸ್ಥೆ ಹೃದಯದ ಆಪರೇಷನ್‌ಗೆ ಇಲ್ಲಿನ ಮಕ್ಕಳನ್ನು ಕರೆಸಿಕೊಳ್ಳುತ್ತದೆ, ಅಲ್ಲಿಗೆ ಬರೆದಿದ್ದೇವೆ. ಮಕ್ಕಳ ಹೃದಯದ ಆಪರೇಷನ್‌ಗೆ ನೆರವಾಗುವ ರೋಟರಿಯವರ ‘ಗಿಫ್ಟ್ ಆಫ್ ಲೈಫ್’ 1975ರಲ್ಲಿ ಶುರುವಾಗಿದ್ದೇ ಉಗಾಂಡಾದ ಹುಡುಗಿಯೊಬ್ಬಳಿಗಾಗಿ ಅಲ್ವಾ? ಬೆಂಗಳೂರಿನ ರೋಟರಿಯಲ್ಲಿ ಯಾರಾದರೂ ಇದ್ದೀರಾ? ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಯಾರಿಗೆ ಕಳಿಸಬೇಕು?

ದುಡ್ಡು ಕೇಳುತ್ತಿಲ್ಲ. ಬೆಂಗಳೂರಿಗೆ ಬಂದರೆ, ತಾಯಿಗೆ ಸ್ವಾಹಿಲಿ ಮಾತ್ರ ಬರುತ್ತದೆ. ಆಸ್ಪತ್ರೆಯಲ್ಲಿ ಜೊತೆಗಿರಲು ಸ್ವಾಹಿಲಿ ಬಲ್ಲವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.