ಅಪ್‌ಡೇಟ್: ಅಮ್ಮನ ಡೆಕ್ಸಾ ಸ್ಕ್ಯಾನ್ ಆಯ್ತು

ಅಮ್ಮನಿಗೆ 67, ಇದುವರೆಗೆ ಮೂಳೆ ಮುರಿದಿಲ್ಲ, ನೋವೂ ಇಲ್ಲ, ಸುಮ್ನೆ ಡೆಕ್ಸಾ ಅಂದ್ರೆ ಮೂಳೆ ಸಾಂದ್ರತೆ ಪರೀಕ್ಷೆ ಬೇಕಾ ಅಂತ ಕೇಳಿದ್ದೆ ಅಲ್ವಾ? ಮಾಡಿಸಿದೆವು. ಸ್ವಲ್ಪ ಹೊತ್ತು ಮಲಗಿದ್ದರೆ ಸಾಕು, ಸೂಜಿ ಚುಚ್ಚುವುದೇನೂ ಇಲ್ಲ.

ಬೆನ್ನುಮೂಳೆಯ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕಿ, ಮೈನಸ್ ಹೆಚ್ಚಾದಷ್ಟೂ ಸಾಂದ್ರತೆ ಕಡಿಮೆ) ಮೈನಸ್ 1.6. ನೋಡಿ ಸಮಾಧಾನವಾಯಿತು. ಆದರೆ ಸೊಂಟದ ಕೀಲಿನ ಕಡೆ ಮೈನಸ್ 2.7! ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದ್ರೆ ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ಕಾಯಿಲೆ. ವಯಸ್ಸಾದವರಲ್ಲಿ ಬೆನ್ನುಮೂಳೆ ಸವೆದಿದ್ದರೆ ಅಲ್ಲಿನ ಅಂಕಿ ಇರುವುದಕ್ಕಿಂತ ಚೆನ್ನಾಗಿ ಕಾಣಬಹುದಂತೆ. ಅದಕ್ಕೇ ಎರಡೂ ಕಡೆ ನೋಡುತ್ತಾರೆ.

ಈಗ ವಿಟಮಿನ್ ಡಿ, ಕ್ಯಾಲ್ಸಿಯಂ, ಥೈರಾಯ್ಡ್ ರಕ್ತಪರೀಕ್ಷೆ ಬರೆದುಕೊಟ್ಟಿದ್ದಾರೆ. ಆ ರಿಪೋರ್ಟ್ ನೋಡಿ ಔಷಧಿ ಶುರು ಮಾಡುತ್ತಾರೆ. "ನೋವೇ ಇಲ್ವಲ್ಲ" ಅಂತ ಅಮ್ಮ ಇನ್ನೂ ಹೇಳುತ್ತಲೇ ಇದ್ದಾರೆ. ಮುರಿಯುವವರೆಗೂ ಸಾಮಾನ್ಯವಾಗಿ ನೋವೇ ಬರುವುದಿಲ್ಲ ಅನ್ನೋದೇ ನನಗೆ ಜಾಸ್ತಿ ಭಯ. ಮಾಡಿಸಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.